ಮಂಜೂರಾತಿ ಪತ್ರದ ಎರಡನೇ ಪುಟ: ರಫ್ತು ಮಾಡುವ ಸಣ್ಣ ಕಾರ್ಖಾನೆಯವರು ಸಬ್ಸಿಡಿ ಫೈಲು ಇಡುವ ಬಗೆ

ಹೋದ ತಿಂಗಳು ಹುಬ್ಬಳ್ಳಿ ಹತ್ತಿರದ ತಾರಿಹಾಳದಿಂದ ಒಬ್ಬ ಹುಡುಗ ನಮ್ಮ ಆಫೀಸಿಗೆ ಬಂದಿದ್ದ. ಹುಡುಗ ಅಂದರೆ ಮೂವತ್ತು ದಾಟಿದೆ. ಅಪ್ಪನ ಕಾರ್ಖಾನೆಯನ್ನು ಈಗ ಅವನೇ ನಡೆಸುತ್ತಾನೆ. ಎರಕದ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಕೈಯಲ್ಲಿ ಇಮೇಲಿನ ಒಂದು ಪ್ರಿಂಟು ಇತ್ತು. ಮಾಲು ಕೊಳ್ಳುವ ದೇಶದ ಇಲಾಖೆಯವರು ಭಾರತದ ಮಾಲಿನ ಮೇಲೆ ಸಬ್ಸಿಡಿ ತನಿಖೆ ಶುರು ಮಾಡಿದ್ದೇವೆ, ನಿಮ್ಮ ಲೆಕ್ಕ ಕೊಡಿ ಅಂತ ಬರೆದಿದ್ದರು.

"ಅಕ್ಕಾರ, ಸರ್ಕಾರದವರು ತಾವಾಗೇ ಕೊಟ್ಟರು, ನಾವು ತಗೊಂಡ್ವಿ. ಅದರಾಗ ನಮ್ಮದೇನ್ ತಪ್ಪರೀ?" ಅಂದ.

ತಪ್ಪು ಅವನದಲ್ಲ. ಆದರೂ ಉತ್ತರ ಅವನೇ ಕೊಡಬೇಕು. ಅವನು ಕೊಡದಿದ್ದರೆ ಅವನ ಬದಲು ಬೇರೆಯವರು ಊಹೆ ಮಾಡುತ್ತಾರೆ. ಆ ಊಹೆ ನಮ್ಮ ಪರವಾಗಿ ಇದ್ದದ್ದನ್ನು ನಾನಂತೂ ನೋಡಿಲ್ಲ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ವಕೀಲಿ ಓದಿದವಳಲ್ಲ, ಬಿ.ಕಾಂ. ಮುಗಿಸಿದವಳು. ಅಪ್ಪ ಗದಗಿನ ಎಪಿಎಂಸಿಯಲ್ಲಿ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ಆಗಿದ್ದರು. ಕಾಗದ ಜೋಪಾನ ಮಾಡುವುದನ್ನು ಅವರಿಂದಲೇ ಕಲಿತೆ. ಆ ಹುಡುಗನಿಗೆ ಅವತ್ತು ಮಧ್ಯಾಹ್ನ ಪೂರ್ತಿ ಕೂತು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಪತ್ರ ಬರುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ. ಹಲವು ವರ್ಷದ ಹಿಂದೆ ನಮ್ಮ ಭಾಗದ್ದೇ ಒಂದು ಘಟಕಕ್ಕೆ ಇಂಥದೇ ಪತ್ರ ಬಂದಿತ್ತು. ಎರಡೇ ಪುಟ. ಎಷ್ಟು ಟನ್ ಕಳಿಸಿದಿರಿ, ಎಷ್ಟು ಡಾಲರಿನ ಮಾಲು ಅಂತ ಮಾತ್ರ ಕೇಳಿದ್ದರು. ಅವರ ಸಲಹೆಗಾರರು "ಇದು ದೊಡ್ಡ ಕಂಪನಿಗಳಿಗೆ, ನಿಮಗಲ್ಲ" ಅಂದರು. ಪತ್ರ ಡ್ರಾವರಿನಲ್ಲೇ ಉಳಿಯಿತು. ತನಿಖೆ ಮುಗಿದಾಗ ಉತ್ತರ ಕೊಡದವರ ಪಟ್ಟಿಯಲ್ಲಿ ಆ ಘಟಕದ ಹೆಸರಿತ್ತು. ಉತ್ತರ ಕೊಟ್ಟವರಿಗೆ ಸಣ್ಣ ಸುಂಕ ಬಿತ್ತು. ಇವರಿಗೆ ಮಾಲಿನ ಬೆಲೆಗಿಂತ ಜಾಸ್ತಿ ಸುಂಕ ಬಿತ್ತು. ಖರೀದಿದಾರರು ಆರ್ಡರ್ ನಿಲ್ಲಿಸಿದರು. ಲೇಥ್ ಮೇಲೆ ಕೆಲಸ ಮಾಡುತ್ತಿದ್ದವರನ್ನು ಮನೆಗೆ ಕಳಿಸಿದರು. ಅವರಲ್ಲಿ ಇಬ್ಬರು ನಮ್ಮ ಓಣಿಯವರು. ಆ ಘಟಕ ನಿಜವಾಗಿ ಪಡೆದಿದ್ದ ಸಬ್ಸಿಡಿ ಎಷ್ಟು ಅಂತ ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. ಮಾರಾಟದ ಶೇ. 2ನ್ನೂ ಮುಟ್ಟಲಿಲ್ಲ.

ಮೊದಲು ಎಲ್ಲ ಆದೇಶ ಒಂದೇ ಕಡೆ ತನ್ನಿ

ಒಂದು ಬಾಕ್ಸ್ ಫೈಲು ತೆಗೆದುಕೊಳ್ಳಿ. ಕಾರ್ಖಾನೆ ಶುರುವಾದ ದಿನದಿಂದ ಸರ್ಕಾರದ ಕಡೆಯಿಂದ ಬಂದದ್ದೆಲ್ಲ ಅದರಲ್ಲಿ ಬರಬೇಕು. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಜಾಗದಲ್ಲಿ. ಬ್ಯಾಂಕಿಗೆ ಜಮಾ ಆದ ಹಣ ಮಾತ್ರ ಸಬ್ಸಿಡಿ ಅಂದುಕೊಳ್ಳುತ್ತಾರೆ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ ಜೊತೆಗೇ ಜಾರಿಗೆ ಬಂದ ಸಬ್ಸಿಡಿ ಒಪ್ಪಂದ ಇದೆ. ವ್ಯಾಪಾರದವರು ಅದನ್ನು ಎಸ್‌ಸಿಎಂ ಒಪ್ಪಂದ ಅನ್ನುತ್ತಾರೆ. ಅದರ ಮೊದಲ ವಿಧಿಯಲ್ಲೇ ಸಬ್ಸಿಡಿ ಅಂದರೆ ಏನು ಅಂತ ಬರೆದಿದೆ. ಎರಡು ಸಂಗತಿ ಕೂಡಬೇಕು. ಒಂದು, ಸರ್ಕಾರ ಅಥವಾ ಸರ್ಕಾರಿ ಸಂಸ್ಥೆ ಹಣಕಾಸಿನ ನೆರವು ಕೊಟ್ಟಿರಬೇಕು. ಎರಡು, ಅದರಿಂದ ನಿಮಗೆ ಲಾಭ ಆಗಿರಬೇಕು. ನೆರವು ಅಂದರೆ ಕೈಗೆ ಬಂದ ಹಣ ಅಷ್ಟೇ ಅಲ್ಲ. ಬರಬೇಕಾದ ತೆರಿಗೆಯನ್ನು ಸರ್ಕಾರ ಬಿಟ್ಟುಕೊಟ್ಟರೂ ನೆರವು. ಸಾಲಕ್ಕೆ ಜಾಮೀನು ನಿಂತರೂ ನೆರವು. ಜಾಗವನ್ನು ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕೊಟ್ಟರೂ ನೆರವು.

ಹಾಗಾಗಿ ಫೈಲಿನಲ್ಲಿ ಇವೆಲ್ಲ ಇರಲಿ: ಕೈಗಾರಿಕಾ ಪ್ರದೇಶದ ಪ್ಲಾಟಿನ ಹಂಚಿಕೆ ಪತ್ರ, ಮುದ್ರಾಂಕ ಶುಲ್ಕ ಮಾಫಿ ಆದೇಶ, ಬಂಡವಾಳ ಸಬ್ಸಿಡಿ ಮಂಜೂರಾತಿ, ಹೆಸ್ಕಾಂ ಕರೆಂಟು ಬಿಲ್ಲಿನಲ್ಲಿ ತೆರಿಗೆ ಬಿಟ್ಟಿದ್ದರೆ ಅದರ ಆದೇಶ, ರಫ್ತು ಸಾಲದ ಬಡ್ಡಿ ರಿಯಾಯಿತಿ, ರಫ್ತಿನ ಷರತ್ತಿನ ಮೇಲೆ ಸುಂಕ ಇಲ್ಲದೆ ಯಂತ್ರ ತರಿಸುವ ಇಪಿಸಿಜಿ ಲೈಸೆನ್ಸ್, ಹಾಗೆಯೇ ಕಚ್ಚಾ ಮಾಲು ತರಿಸುವ ಅಡ್ವಾನ್ಸ್ ಲೈಸೆನ್ಸ್, ರಫ್ತಾದ ಮೇಲೆ ಸುಂಕ ವಾಪಸು ಕೊಡುವ ಡ್ರಾಬ್ಯಾಕ್, ಬೇರೆ ತೆರಿಗೆಗಳನ್ನು ವಾಪಸು ಕೊಡುವ ರೋಡ್‌ಟೆಪ್. ಹತ್ತು ವರ್ಷದ ಹಿಂದಿನದು ಅಂತ ಬಿಡಬೇಡಿ. ಯಂತ್ರಕ್ಕೆ ಸಿಕ್ಕ ಲಾಭವನ್ನು ಆ ಯಂತ್ರದ ಆಯಸ್ಸಿನ ಮೇಲೆ ಹಂಚುತ್ತಾರೆ. ಹಳೆಯ ಲೈಸೆನ್ಸು ಇವತ್ತಿನ ಲೆಕ್ಕಕ್ಕೂ ಬರುತ್ತದೆ.

ಈಗ ಎರಡನೇ ಪುಟ ಓದಿ

ಯಾವುದೇ ಮಂಜೂರಾತಿ ಪತ್ರ ತೆಗೆದು ನೋಡಿ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಮೊತ್ತ, ಸಂತೋಷದ ಸುದ್ದಿ. ಎಲ್ಲರೂ ಅದನ್ನೇ ಓದಿ ಫ್ರೇಮಿನ ಹಾಗೆ ಜೋಪಾನ ಮಾಡುತ್ತಾರೆ. ಷರತ್ತುಗಳು ಸಾಮಾನ್ಯವಾಗಿ ಎರಡನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಅಂತರರಾಷ್ಟ್ರೀಯ ನಿಯಮ ನೋಡುವುದು ಮೊದಲು ಆ ಪುಟವನ್ನೇ. ಎಷ್ಟು ಕೊಟ್ಟರು ಅನ್ನುವ ಪ್ರಶ್ನೆ ಆಮೇಲೆ ಬರುತ್ತದೆ. ಯಾರಿಗೆ ಕೊಟ್ಟರು, ಏನು ಮಾಡಿದರೆ ಕೊಟ್ಟರು ಅನ್ನುವುದು ಮೊದಲು.

ನಾನು ಬಣ್ಣದ ಚೀಟಿ ಅಂಟಿಸುತ್ತೇನೆ. "ರಫ್ತು ಮಾಡಿದರೆ ಮಾತ್ರ" ಅಂತ ಇದ್ದರೆ ಕೆಂಪು. "ದೇಶದೊಳಗಿನ ಕಚ್ಚಾ ಮಾಲನ್ನೇ ಬಳಸಿದರೆ ಮಾತ್ರ" ಅಂತ ಇದ್ದರೂ ಕೆಂಪು. ಇವೆರಡನ್ನೂ ಒಪ್ಪಂದದ 3ನೇ ವಿಧಿ ಪೂರ್ತಿ ನಿಷೇಧಿಸಿದೆ. ಯಾರಿಗೆ ಎಷ್ಟು ಹಾನಿಯಾಯಿತು ಅಂತ ತೋರಿಸುವ ಅಗತ್ಯವೂ ದೂರು ಕೊಟ್ಟ ದೇಶಕ್ಕೆ ಇಲ್ಲ.

ಇದು ಯಾಕೆ ಅಷ್ಟು ಕಟ್ಟುನಿಟ್ಟು ಅಂತ ನನಗೆ ಅರ್ಥವಾದದ್ದು ಹತ್ತಿಯಿಂದ. 2001-02ರ ಹಂಗಾಮಿನಲ್ಲಿ ಜಗತ್ತಿನ ಹತ್ತಿ ದರ ದಶಕಗಳಲ್ಲೇ ಕಾಣದಷ್ಟು ಕೆಳಗೆ ಬಿದ್ದಿತ್ತು. ಅಪ್ಪ ರಾತ್ರಿ ಮನೆಗೆ ಬಂದರೆ ಅಂಗಿಯ ತೋಳಿನ ಮೇಲೆ ಅರಳೆಯ ಎಳೆ ಅಂಟಿರುತ್ತಿತ್ತು. ಅವುಗಳನ್ನು ಒಂದೊಂದಾಗಿ ಕಿತ್ತು ಉಂಡೆ ಮಾಡುತ್ತ, "ಸವಾಲಿನಾಗ ಯಾರೂ ಮುಂದ ಬರವಲ್ಲರು" ಅನ್ನುತ್ತಿದ್ದರು. ಗದಗಿನ ಸವಾಲಿನ, ಅಂದರೆ ಹರಾಜಿನ, ದರಕ್ಕೂ ಅಮೆರಿಕದ ಟೆಕ್ಸಾಸಿನ ಹೊಲಕ್ಕೂ ಏನು ಸಂಬಂಧ ಅಂತ ಆಗ ನಮಗೆ ಗೊತ್ತಿರಲಿಲ್ಲ.

2002ರಲ್ಲಿ ಬ್ರೆಜಿಲ್ ದೇಶ ಅಮೆರಿಕದ ಹತ್ತಿ ಸಬ್ಸಿಡಿಯ ಮೇಲೆ ಡಬ್ಲ್ಯುಟಿಒದಲ್ಲಿ ದೂರು ಹಾಕಿತು. ಅಮೆರಿಕದಲ್ಲಿ 'ಸ್ಟೆಪ್ 2' ಅಂತ ಒಂದು ಯೋಜನೆ ಇತ್ತು. ಅಲ್ಲಿನ ಹತ್ತಿ ಹೊರಗಿನ ಹತ್ತಿಗಿಂತ ತುಟ್ಟಿ ಇದ್ದಾಗ, ಅದನ್ನು ಕೊಂಡ ದೇಶದ ಮಿಲ್ಲುಗಳಿಗೂ ಹೊರಗೆ ಕಳಿಸುವ ರಫ್ತುದಾರರಿಗೂ ಸರ್ಕಾರ ಹಣ ಕೊಡುತ್ತಿತ್ತು. ಷರತ್ತು ನೋಡಿ. ಮಿಲ್ಲಿಗೆ ಕೊಟ್ಟದ್ದು ದೇಶಿ ಮಾಲು ಬಳಸಿದ್ದಕ್ಕೆ. ರಫ್ತುದಾರರಿಗೆ ಕೊಟ್ಟದ್ದು ರಫ್ತು ಮಾಡಿದ್ದಕ್ಕೆ. ಎರಡೂ ಕೆಂಪು ಚೀಟಿ. 2005ರ ಮಾರ್ಚಿನಲ್ಲಿ ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿ ಎರಡೂ ನಿಷಿದ್ಧ ಅಂತ ಎತ್ತಿಹಿಡಿಯಿತು. 2006ರಲ್ಲಿ ಅಮೆರಿಕ ಆ ಯೋಜನೆಯನ್ನು ಕೈಬಿಟ್ಟಿತು. ದರ ಬಿದ್ದಾಗ ರೈತರಿಗೆ ಕೊಡುತ್ತಿದ್ದ ಬೇರೆ ಪಾವತಿಗಳು ನಿಷಿದ್ಧವಲ್ಲ, ಆದರೆ ಅವುಗಳಿಂದ ಜಗತ್ತಿನ ಹತ್ತಿ ದರ ಏಳದೆ ಉಳಿಯಿತು, ಬ್ರೆಜಿಲ್‌ಗೆ ಹಾನಿಯಾಯಿತು ಅಂತಲೂ ತೀರ್ಪು ಬಂತು. ಕೊನೆಗೆ 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಡಲು ಒಪ್ಪಿ ವ್ಯಾಜ್ಯ ಮುಗಿಸಿತು. ಬೆನಿನ್, ಬುರ್ಕಿನಾ ಫಾಸೋ, ಚಾಡ್, ಮಾಲಿ ಅನ್ನುವ ಆಫ್ರಿಕದ ನಾಲ್ಕು ಬಡ ದೇಶಗಳು 2003ರಲ್ಲಿ ಇದೇ ದೂರು ಎತ್ತಿದ್ದವು. ಅಲ್ಲಿಯ ರೈತರೂ ನಮ್ಮವರ ಹಾಗೆಯೇ ಮಳೆ ನಂಬಿ ಹತ್ತಿ ಬಿತ್ತುವವರು.

ನಮ್ಮ ಹತ್ತಿ ದರಕ್ಕೆ ಹೊಡೆತ ಕೊಟ್ಟದ್ದನ್ನು ಅನ್ಯಾಯ ಅಂದ ಮೇಲೆ, ನಮ್ಮ ಸರ್ಕಾರ ನಮಗೆ ಕೊಟ್ಟಾಗಲೂ ಅದೇ ಅಳತೆ ಹಿಡಿಯಬೇಕು ಅಲ್ವಾ? ಇದನ್ನು ನಾನು ಮನಸ್ಸಿನಿಂದ ಒಪ್ಪಿದ್ದೇನೆ.

ಆ ಅಳತೆ ನಮ್ಮ ಮೇಲೂ ಬಂತು. 2018ರಲ್ಲಿ ಅಮೆರಿಕ ಭಾರತದ ರಫ್ತು ಯೋಜನೆಗಳ ಮೇಲೆ ದೂರು ಹಾಕಿತು. ಎಂಇಐಎಸ್ ನೆನಪಿದೆಯಾ? ರಫ್ತು ಮಾಡಿದ ಮೊತ್ತದ ಇಷ್ಟು ಶೇಕಡಾ ಅಂತ, ಸುಂಕ ಕಟ್ಟಲು ಬಳಸಬಹುದಾದ ಸ್ಕ್ರಿಪ್ ಅನ್ನುವ ಪತ್ರ ಕೊಡುತ್ತಿದ್ದರು. 2019ರ ಅಕ್ಟೋಬರ್ 31ರಂದು ಬಂದ ತೀರ್ಪು ಎಂಇಐಎಸ್, ಇಪಿಸಿಜಿ, ವಿಶೇಷ ಆರ್ಥಿಕ ವಲಯಕ್ಕೆ ಕೊಡುವ ಎಸ್‌ಇಜೆಡ್ ರಿಯಾಯಿತಿ ಎಲ್ಲವೂ ನಿಯಮಕ್ಕೆ ವಿರುದ್ಧ ಅಂದಿತು. ಬಡ ದೇಶಗಳಿಗೆ ರಫ್ತು ಸಬ್ಸಿಡಿಯಲ್ಲಿ ಒಂದು ವಿನಾಯಿತಿ ಇದೆ. ತಲಾ ಆದಾಯ 1990ರ ಬೆಲೆಯಲ್ಲಿ 1,000 ಡಾಲರ್ ದಾಟುವವರೆಗೆ ಮಾತ್ರ ಅದು. ಸತತ ಮೂರು ವರ್ಷ ಭಾರತ ಅದನ್ನು ದಾಟಿದ್ದರಿಂದ ಆ ನೆರಳು ಹೋಗಿತ್ತು. ಭಾರತ ಮೇಲ್ಮನವಿ ಹಾಕಿತು. ಅದೇ ಡಿಸೆಂಬರ್ 11ರ ಹೊತ್ತಿಗೆ ಮೇಲ್ಮನವಿ ಮಂಡಳಿಯಲ್ಲಿ ಒಬ್ಬರೇ ಸದಸ್ಯರು ಉಳಿದಿದ್ದರು, ಮೇಲ್ಮನವಿ ಕೇಳಲು ಮೂವರು ಬೇಕು, ಏಕೆಂದರೆ ಹೊಸಬರ ನೇಮಕವನ್ನು ಅಮೆರಿಕ ತಡೆದಿತ್ತು. ಕೊನೆಗೆ 2023ರಲ್ಲಿ ಎರಡೂ ದೇಶ ಮಾತಾಡಿ ಇದನ್ನೂ ಸೇರಿಸಿ ಆರು ವ್ಯಾಜ್ಯ ಮುಗಿಸಿಕೊಂಡವು.

ದೇಶಗಳ ನಡುವೆ ವ್ಯಾಜ್ಯ ಮುಗಿದರೂ ನಿಮ್ಮ ಫೈಲು ಮುಗಿಯುವುದಿಲ್ಲ. ಮಾಲು ಕೊಳ್ಳುವ ದೇಶ ತನ್ನ ಮಟ್ಟದಲ್ಲೇ ತನಿಖೆ ಮಾಡಿ ಸುಂಕ ಹಾಕಬಹುದು. ಅದಕ್ಕೆ ಕೌಂಟರ್‌ವೇಲಿಂಗ್ ಸುಂಕ, ವ್ಯಾಪಾರದವರ ಬಾಯಲ್ಲಿ ಸಿವಿಡಿ. ಇಪಿಸಿಜಿ ಲೈಸೆನ್ಸ್ ತೆರೆದು ನೋಡಿ. ಯಂತ್ರ ತರಿಸುವಾಗ ಕಟ್ಟದೆ ಉಳಿಸಿದ ಸುಂಕದ ಆರು ಪಟ್ಟು ರಫ್ತನ್ನು ಆರು ವರ್ಷದಲ್ಲಿ ಮಾಡಬೇಕು ಅಂತ ಷರತ್ತಿದೆ. ಸಿವಿಡಿ ತನಿಖೆಯವರು ಮೊದಲು ಕೇಳುವುದು ಅದೇ ಲೈಸೆನ್ಸು.

ತೆರಿಗೆ ವಾಪಸು ಬೇರೆ, ಬಹುಮಾನ ಬೇರೆ

ಈ ಭಾಗವನ್ನು ನಿಧಾನವಾಗಿ ಓದಿ. ಸಣ್ಣವರಿಗೆ ಉಳಿತಾಯ ಇರುವುದು ಇಲ್ಲಿ.

ಮಾಲು ಹೊರದೇಶಕ್ಕೆ ಹೋಗುವಾಗ, ಅದರ ಮೇಲೆ ಇಲ್ಲಿ ಬಿದ್ದ ತೆರಿಗೆಯನ್ನು ವಾಪಸು ಕೊಡುವುದು ಸಬ್ಸಿಡಿ ಅಲ್ಲ. ಒಪ್ಪಂದದ ಮೊದಲ ಅಡಿಟಿಪ್ಪಣಿಯೇ ಇದನ್ನು ಹೇಳುತ್ತದೆ. ಆದರೆ ಬಿದ್ದ ತೆರಿಗೆಗಿಂತ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಆ ಜಾಸ್ತಿ ಭಾಗ ಸಬ್ಸಿಡಿ. ಎಂಇಐಎಸ್ ಬಹುಮಾನ ಆಗಿತ್ತು, ಅದಕ್ಕೇ ಬಿತ್ತು. 2021ರ ಜನವರಿ 1ರಿಂದ ಬಂದ ರೋಡ್‌ಟೆಪ್ ವಾಪಸಾತಿ ಅನ್ನುವ ಲೆಕ್ಕದ ಮೇಲೆ ನಿಂತಿದೆ. ಜಿಎಸ್‌ಟಿಯಲ್ಲಿ ವಾಪಸು ಸಿಗದ ತೆರಿಗೆಗಳಿವೆಯಲ್ಲ, ಸಾಗಣೆಯ ಡೀಸೆಲ್ ಮೇಲಿನ ವ್ಯಾಟ್, ಕರೆಂಟಿನ ತೆರಿಗೆ, ಮಂಡಿ ತೆರಿಗೆ, ಅವುಗಳಿಗೆ ಅದು.

ಮಂಡಿ ತೆರಿಗೆ ಅಂದರೆ ಅಮರಗೋಳದ ಎಪಿಎಂಸಿಯಲ್ಲೋ ಬ್ಯಾಡಗಿಯಲ್ಲೋ ಮಾಲು ಕೊಂಡಾಗ ಕಟ್ಟುವ ಸೆಸ್. ಬ್ಯಾಡಗಿ ಮೆಣಸಿನಕಾಯಿ ಕೊಂಡು ಹೊರಗೆ ಕಳಿಸುವವರು ಆ ಸೆಸ್ ಚೀಟಿಯನ್ನು ಹಮಾಲಿ ಚೀಟಿಯ ಜೊತೆ ಸುಮ್ನೆ ಎಸೆಯುತ್ತಾರೆ. ಎಸೆಯಬೇಡಿ. ನಮಗೆ ರೋಡ್‌ಟೆಪ್‌ನಲ್ಲಿ ಬಂದದ್ದು ಇಷ್ಟು, ನಾವು ನಿಜವಾಗಿ ಹೊತ್ತ ತೆರಿಗೆ ಇಷ್ಟು ಅಂತ ತೋರಿಸುವ ಸಾಕ್ಷಿ ಆ ಸಣ್ಣ ಚೀಟಿಯೇ. ಲಾರಿ ಬಾಡಿಗೆ ಬಿಲ್ಲು, ಜನರೇಟರಿನ ಡೀಸೆಲ್ ರಶೀದಿ, ಹೆಸ್ಕಾಂ ಬಿಲ್ಲು, ಇವನ್ನೆಲ್ಲ ತಿಂಗಳವಾರು ಒಂದೊಂದು ಲಕೋಟೆಯಲ್ಲಿ ಹಾಕಿಡಿ. ವ್ಯವಸ್ಥೆ ಸರಿ ಇದೆ ಅಂತ ತನಿಖೆಯವರನ್ನು ಒಪ್ಪಿಸುವ ಕೆಲಸದಲ್ಲಿ ಅರ್ಧ ನಮ್ಮ ಸರ್ಕಾರದ್ದು. ಉಳಿದ ಅರ್ಧಕ್ಕೆ ನಿಮ್ಮ ಲಕೋಟೆ ಬೇಕು.

ಅಡ್ವಾನ್ಸ್ ಲೈಸೆನ್ಸಿಗೂ ಇದೇ ಮಾತು. ಸುಂಕ ಇಲ್ಲದೆ ತರಿಸಿದ ಕಚ್ಚಾ ಮಾಲು ರಫ್ತಿನ ಮಾಲಿನಲ್ಲೇ ಹೋಯಿತು ಅಂತ ತೋರಿಸಿದರೆ ಅದು ಸಬ್ಸಿಡಿ ಆಗುವುದಿಲ್ಲ. ತೋರಿಸಲು ಆಗದಿದ್ದರೆ ಬಿಟ್ಟ ಸುಂಕ ಪೂರ್ತಿ ಲೆಕ್ಕಕ್ಕೆ ಬರಬಹುದು. ಅಪೆಂಡಿಕ್ಸ್ 4ಎಚ್ ಅನ್ನುವ ಬಳಕೆ ರಿಜಿಸ್ಟರ್ ಇದೆ. ಅದನ್ನು ವರ್ಷದ ಕೊನೆಗೆ ಸಿಎ ಆಫೀಸಿನಲ್ಲಿ ಕೂತು ಒಂದೇ ಪೆನ್ನಿನಲ್ಲಿ ತುಂಬುವ ಪದ್ಧತಿ ಬಹಳ ಕಡೆ ಇದೆ. ದಯವಿಟ್ಟು ಬಿಡಿ. ಸ್ಟೋರಿನವರು ಮಾಲು ಕೊಟ್ಟ ದಿನವೇ ಬರೆಯಲಿ. ಕರಗಿಸಿದಾಗ ಹೋದ ತೂಕ, ಚೂರು, ತಿರಸ್ಕಾರವಾದ ಎರಕ, ಎಲ್ಲ ಬರೆಯಲಿ.

ಹಳದಿ ಚೀಟಿ

ರಫ್ತಿನ ಷರತ್ತೂ ಇಲ್ಲ, ದೇಶಿ ಮಾಲಿನ ಷರತ್ತೂ ಇಲ್ಲ. ಹಾಗಾದರೆ ಮುಂದಿನ ಪ್ರಶ್ನೆ: ಇದು ಎಲ್ಲರಿಗೂ ಸಿಗುತ್ತದೋ, ಕೆಲವರಿಗೋ? ಒಂದು ಉದ್ಯಮಕ್ಕೆ, ಒಂದು ಪ್ರದೇಶಕ್ಕೆ ಮಾತ್ರ ಅಂತ ಇದ್ದರೆ ಅದು 'ನಿರ್ದಿಷ್ಟ' ಸಬ್ಸಿಡಿ. ಹಳದಿ ಚೀಟಿ ಅಂಟಿಸಿ. ಇದು ನಿಷಿದ್ಧವಲ್ಲ. ಹಾನಿ ತೋರಿಸಿದರೆ ಸುಂಕ ಹಾಕಬಹುದು. ಸಣ್ಣ ಉದ್ಯಮ, ಇಷ್ಟು ಜನ ಕೆಲಸಗಾರರು ಅನ್ನುವಂಥ ಎಲ್ಲ ಉದ್ಯಮಕ್ಕೂ ಒಂದೇ ರೀತಿ ಅನ್ವಯಿಸುವ ಅಳತೆಯಲ್ಲಿ, ಅರ್ಹತೆ ಇದ್ದವರಿಗೆ ತಾನಾಗಿ ಸಿಗುವಂತಿದ್ದರೆ ಅದು ನಿರ್ದಿಷ್ಟ ಅಲ್ಲ. ಚೀಟಿ ಬೇಡ. ಬೆಂಗಳೂರಿನ ಹೊರಗಿನ ಜಿಲ್ಲೆಗಳಿಗೆ ಮಾತ್ರ ಅಂತ ರಾಜ್ಯ ಕೊಟ್ಟ ರಿಯಾಯಿತಿ ಇದ್ದರೆ ಹಳದಿಯಲ್ಲೇ ಇಡಿ.

ಕೊಟ್ಟವರು ಸರ್ಕಾರವೇ ಹೌದಾ ಅನ್ನುವುದೂ ಒಂದು ಪ್ರಶ್ನೆ. ಸಂಡೂರಿನ ದೋಣಿಮಲೈ ಗಣಿ ಗೊತ್ತಲ್ಲ, ಎನ್‌ಎಂಡಿಸಿಯದು. ಆ ಕಂಪನಿ ಉಕ್ಕಿನವರಿಗೆ ಅದಿರನ್ನು ಕಡಿಮೆ ಬೆಲೆಗೆ ಕೊಡುತ್ತದೆ, ಸರ್ಕಾರದ ಪಾಲು ಇರುವುದರಿಂದ ಅದು ಸರ್ಕಾರವೇ ಕೊಟ್ಟಂತೆ ಅಂತ ಅಮೆರಿಕ ಭಾರತದ ಉಕ್ಕಿನ ಮೇಲೆ ಸುಂಕ ಹಾಕಿತ್ತು. ಭಾರತ 2012ರಲ್ಲಿ ದೂರು ಹಾಕಿತು. 2014ರ ಡಿಸೆಂಬರಿನಲ್ಲಿ ಮೇಲ್ಮನವಿ ಮಂಡಳಿ, ಸರ್ಕಾರದ ಷೇರು ಇದೆ ಅಂದ ಮಾತ್ರಕ್ಕೆ ಸಾಲದು, ಸರ್ಕಾರದ ಅಧಿಕಾರ ಆ ಸಂಸ್ಥೆಯ ಕೈಯಲ್ಲಿದೆ ಅಂತ ತೋರಿಸಬೇಕು ಅಂದಿತು. ಈ ಅಂಶದಲ್ಲಿ ಭಾರತ ಗೆದ್ದಿತು. ನಿಮ್ಮ ಸಾಲ ಸರ್ಕಾರಿ ಬ್ಯಾಂಕಿನದಾದರೆ ಬಡ್ಡಿ ಮಾರುಕಟ್ಟೆ ದರದಲ್ಲೇ ಇದೆ ಅಂತ ತೋರಿಸುವ ಪತ್ರ ಜೊತೆಗಿಡಿ. ಲಾಭವೇ ಇಲ್ಲದಿದ್ದರೆ ಯಾರು ಕೊಟ್ಟರು ಅನ್ನುವ ವಾದವೇ ಬೇಕಿಲ್ಲ.

ಲೆಕ್ಕ ಹಾಕಿ

ಊಹೆಯ ಒಂದು ಕಾರ್ಖಾನೆ ತೆಗೆದುಕೊಳ್ಳೋಣ. ವರ್ಷದ ಮಾರಾಟ 6 ಕೋಟಿ, ಅದರಲ್ಲಿ ರಫ್ತು 4 ಕೋಟಿ. ಬಡ್ಡಿ ಬಿಟ್ಟು ಸರಳವಾಗಿ ಹೇಳುತ್ತೇನೆ.

ಇಪಿಸಿಜಿಯಲ್ಲಿ ತರಿಸಿದ ಯಂತ್ರಕ್ಕೆ ಕಟ್ಟದೆ ಉಳಿಸಿದ ಸುಂಕ 9 ಲಕ್ಷ. ಯಂತ್ರದ ಆಯಸ್ಸು 12 ವರ್ಷ ಅಂದರೆ ವರ್ಷಕ್ಕೆ 75 ಸಾವಿರ. ಇದಕ್ಕೆ ರಫ್ತಿನ ಷರತ್ತು ಇದೆ, ಹಾಗಾಗಿ ರಫ್ತಿನ 4 ಕೋಟಿಯಿಂದ ಭಾಗಿಸಿ. ಶೇ. 0.19. ಕರೆಂಟಿನ ತೆರಿಗೆ ಮಾಫಿ ವರ್ಷಕ್ಕೆ 1.2 ಲಕ್ಷ. ಇದು ಎಲ್ಲ ಉತ್ಪಾದನೆಗೂ ಸಿಕ್ಕಿದ್ದು, 6 ಕೋಟಿಯಿಂದ ಭಾಗಿಸಿ. ಶೇ. 0.20. ರೋಡ್‌ಟೆಪ್ 3 ಲಕ್ಷ, 4 ಕೋಟಿಯಿಂದ ಭಾಗಿಸಿದರೆ ಶೇ. 0.75. ಒಟ್ಟು ಶೇ. 1.14.

ಒಪ್ಪಂದದ ಪ್ರಕಾರ ಸಬ್ಸಿಡಿ ಶೇ. 1ಕ್ಕಿಂತ ಕಡಿಮೆ ಇದ್ದರೆ ತನಿಖೆ ಕೈಬಿಡಬೇಕು. ಅಭಿವೃದ್ಧಿಶೀಲ ದೇಶಕ್ಕೆ ಈ ಮಿತಿ ಶೇ. 2. ಹಾಗಾದರೆ ನಮ್ಮ ಕಾರ್ಖಾನೆ ಪಾರಾಯಿತು ಅನ್ನಿಸುತ್ತದೆ. ಆದರೆ ಅಮೆರಿಕ 2020ರ ಫೆಬ್ರವರಿಯಲ್ಲಿ ತನ್ನ ಸಿವಿಡಿ ಕಾನೂನಿನ ಮಟ್ಟಿಗೆ ಭಾರತವನ್ನು ಅಭಿವೃದ್ಧಿಶೀಲ ದೇಶಗಳ ಪಟ್ಟಿಯಿಂದ ತೆಗೆದುಹಾಕಿತು. ಜಿ-20ರಲ್ಲಿ ಇರುವ ದೇಶ ಅನ್ನುವುದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅಲ್ಲಿ ನಮ್ಮ ಮಿತಿ ಈಗ ಶೇ. 1. ಆ 0.14 ಸಾಕು, ಸಿಕ್ಕಿಬೀಳಲು. ರೋಡ್‌ಟೆಪ್ ಪೂರ್ತಿ ತೆರಿಗೆಯ ವಾಪಸಾತಿ ಅಂತ ಲಕೋಟೆಗಳಿಂದ ಒಪ್ಪಿಸಲು ಆದರೆ ಉಳಿಯುವುದು 0.39. ನಾನು ಸೆಸ್ ಚೀಟಿಯ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ.

ಪತ್ರ ಬಂದರೆ

ಪ್ರಶ್ನಾವಳಿಗೆ ಉತ್ತರ ಕೊಡಲು ಕನಿಷ್ಠ 30 ದಿನ ಕೊಡಬೇಕು ಅಂತ ಒಪ್ಪಂದದಲ್ಲಿದೆ. ಮೊದಲು ಬರುವ ಪ್ರಮಾಣ-ಮೌಲ್ಯದ ಸಣ್ಣ ಪತ್ರಕ್ಕೆ ಸಮಯ ಇನ್ನೂ ಕಡಿಮೆ ಇರಬಹುದು. ಬಂದ ದಿನವೇ ತಾರೀಖು ಬರೆದು ಗೋಡೆಗೆ ಅಂಟಿಸಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ, ಕಾರಣ ಬರೆದು, ಹೆಚ್ಚಿನ ದಿನ ಕೇಳಿ. ಮುಗಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಉತ್ತರ ಕೊಡದವರ ಬಗ್ಗೆ ಸಿಕ್ಕ ಮಾಹಿತಿಯ ಮೇಲೆ ತೀರ್ಮಾನ ಮಾಡಬಹುದು ಅಂತ 12ನೇ ವಿಧಿ ಹೇಳುತ್ತದೆ. ಆ ಘಟಕ ಮುಳುಗಿದ್ದು ಇದೇ ವಿಧಿಯಲ್ಲಿ.

ಬೆಲೆ, ಗಿರಾಕಿಗಳ ಹೆಸರು ಗುಟ್ಟಾಗಿ ಇರಬೇಕು ಅಂದರೆ ಎರಡು ಪ್ರತಿ ಮಾಡಿ. ಒಂದು ಪೂರ್ತಿ, ಒಂದು ಎಲ್ಲರೂ ನೋಡಬಹುದಾದ ಸಾರಾಂಶ. ದೆಹಲಿಯ ಡಿಜಿಟಿಆರ್‌ಗೆ, ಅಂದರೆ ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ, ಕೂಡಲೇ ಬರೆಯಿರಿ. ಹೊರದೇಶದ ತನಿಖೆಯಲ್ಲಿ ಸಿಕ್ಕ ರಫ್ತುದಾರರಿಗೆ ನೆರವಾಗುವುದು ಅವರ ಕೆಲಸದ ಒಂದು ಭಾಗ. ನಮ್ಮ ಸರ್ಕಾರವೂ ಅದೇ ತನಿಖೆಯಲ್ಲಿ ಬೇರೆ ಪ್ರಶ್ನಾವಳಿಗೆ ಉತ್ತರ ಕೊಡುತ್ತಿರುತ್ತದೆ. ಅದರ ಉತ್ತರ ಒಂದು, ನಿಮ್ಮದು ಇನ್ನೊಂದು ಆಗಬಾರದು.

ಇದೇ ಡಿಜಿಟಿಆರ್ ಬಾಗಿಲನ್ನು ಇನ್ನೊಂದು ಕಾರಣಕ್ಕೂ ತಟ್ಟಬಹುದು. ಹೊರದೇಶದ ಸಬ್ಸಿಡಿ ಮಾಲು ಬಂದು ನಿಮ್ಮ ವ್ಯಾಪಾರ ಕುಸಿದಿದ್ದರೆ ದೂರು ಕೊಡಿ. ಅರ್ಜಿಗೆ ಬೆಂಬಲ ಕೊಡುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇ. 25ಕ್ಕೆ ಕಡಿಮೆ ಇರಬಾರದು, ಹಾಗಾಗಿ ಒಬ್ಬರೇ ಹೋಗಿ ಪ್ರಯೋಜನವಿಲ್ಲ. 2017ರಲ್ಲಿ ಚೀನಾದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳ ಮೇಲೆ ಶೇ. 18.95 ಸುಂಕ ಬಿದ್ದದ್ದು ಇಂಥದೇ ದೂರಿನಿಂದ. ಉಕ್ಕು ಮಾಡುವವರಿಗೆ ಅದು ಆಸರೆ. ಹಾಳೆ ಕೊಂಡು ಪಾತ್ರೆ ಮಾಡುವವರಿಗೆ ಕಚ್ಚಾ ಮಾಲು ತುಟ್ಟಿ. 2021ರ ಬಜೆಟ್ಟಿನಲ್ಲಿ ಅದನ್ನು ತಾತ್ಕಾಲಿಕವಾಗಿ ತೆಗೆದರು.

ಹೊಲದವರ ಪ್ರಶ್ನೆ

ನನ್ನ ತಮ್ಮ ಗದಗ ತಾಲೂಕಿನಲ್ಲಿ ಎರಿ ಹೊಲ ಮಾಡುತ್ತಾನೆ. ಕಡಲೆ, ಹೆಸರು, ಹತ್ತಿ. "ಅಕ್ಕಾ, ಬೆಂಬಲ ಬೆಲೆಗೂ ತಕರಾರಂತಲ್ಲ?" ಅಂತ ಕೇಳುತ್ತಿರುತ್ತಾನೆ. ಕೃಷಿಗೆ ಬೇರೆಯೇ ಒಪ್ಪಂದ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನೆಯಂಥ ಖರ್ಚಿಗೆ ಮಿತಿಯೇ ಇಲ್ಲ. ಬಡ ರೈತರಿಗೆ ಕೊಡುವ ಗೊಬ್ಬರ, ಕರೆಂಟು, ನೀರಿನ ಸಬ್ಸಿಡಿಗೂ ನಮ್ಮಂಥ ದೇಶಗಳಿಗೆ ವಿನಾಯಿತಿ ಇದೆ. ಬೆಂಬಲ ಬೆಲೆಗೆ ಮಾತ್ರ ಮಿತಿ ಇದೆ: ಆ ಬೆಳೆಯ ಒಟ್ಟು ಮೌಲ್ಯದ ಶೇ. 10.

ಆ ಶೇ. 10 ಅಳೆಯುವ ಬಗೆ ನನಗೆ ನ್ಯಾಯ ಅನ್ನಿಸುವುದಿಲ್ಲ. ಇವತ್ತಿನ ಬೆಂಬಲ ಬೆಲೆಯನ್ನು 1986-88ರ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸುತ್ತಾರೆ. ಆಗ ಅಪ್ಪನ ಅಂಗಡಿಯಲ್ಲಿ ಹಮಾಲಿ ಕೂಲಿ ಎಷ್ಟಿತ್ತು, ಈಗೆಷ್ಟು? ಹಾಗೆ ಕಳೆದರೆ ಯಾವ ಬೆಂಬಲ ಬೆಲೆಯೂ ದೊಡ್ಡ ಸಬ್ಸಿಡಿಯ ಹಾಗೆ ಕಾಣುತ್ತದೆ. 2021ರ ಡಿಸೆಂಬರಿನಲ್ಲಿ ಭಾರತದ ಕಬ್ಬಿನ ಬೆಲೆಯ ಮೇಲೆ ಬಂದ ತೀರ್ಪು ಇದೇ ಲೆಕ್ಕದ್ದು. ಕಬ್ಬಿಗೆ ಹಣ ಕೊಡುವುದು ಸಕ್ಕರೆ ಕಾರ್ಖಾನೆ, ಸರ್ಕಾರ ಬೆಲೆ ನಿಗದಿ ಮಾಡುತ್ತದೆ ಅಷ್ಟೇ. ಆದರೂ ಅದನ್ನು ಬೆಂಬಲ ಅಂತಲೇ ಎಣಿಸಿದರು. ಭಾರತ ಮೇಲ್ಮನವಿ ಹಾಕಿದೆ. ಪಡಿತರದ ಧಾನ್ಯ ದಾಸ್ತಾನಿಗೆ 2013ರ ಬಾಲಿ ಸಭೆಯಲ್ಲಿ ಒಂದು ರಕ್ಷಣೆ ಸಿಕ್ಕಿದೆ, ಅದು ಶಾಶ್ವತ ಪರಿಹಾರ ಸಿಗುವವರೆಗೆ ಮುಂದುವರಿಯುತ್ತದೆ. ತಮ್ಮನ ಹತ್ತಿಗೆ ಅದು ಅನ್ವಯಿಸುವುದಿಲ್ಲ.

ಪರಿಶೀಲನೆಗೆ ಬಂದರೆ

ಉತ್ತರ ಕೊಟ್ಟವರ ಕಾರ್ಖಾನೆಗೆ ತನಿಖೆಯವರು ಖುದ್ದು ಬರಬಹುದು. ನಮ್ಮಲ್ಲಿಗೆ ಒಮ್ಮೆ ಬಂದಿದ್ದರು. ಮೂರು ದಿನ ಕೂತರು. ಇಪಿಸಿಜಿ ಲೈಸೆನ್ಸ್, ಆಮದಿನ ಕಸ್ಟಮ್ಸ್ ಕಾಗದವಾದ ಬಿಲ್ ಆಫ್ ಎಂಟ್ರಿ, ಲೆಡ್ಜರ್ ಪುಟ ಮೂರನ್ನೂ ಹೋಲಿಸಿದರು. ಸರಿ ಇತ್ತು. ಆಮೇಲೆ ಎದ್ದು, ಆ ಯಂತ್ರ ತೋರಿಸಿ ಅಂದರು. ಶೆಡ್ಡಿನಲ್ಲಿ ಯಂತ್ರದ ಮುಂದೆ ನಿಂತು ಸೀರಿಯಲ್ ನಂಬರ್ ಎಲ್ಲಿ ಅಂತ ಕೇಳಿದರು. ಪ್ಲೇಟಿನ ಮೇಲೆ ಮೂರು ವರ್ಷದ ಹಸಿರು ಬಣ್ಣ. ಪ್ರತಿ ಖಂಡೆ ಪೂಜೆಗೆ ನಮ್ಮ ಹುಡುಗರು ಭಕ್ತಿಯಿಂದ ಯಂತ್ರ ತೊಳೆದು, ಬಣ್ಣ ಹಚ್ಚಿ, ವಿಭೂತಿ ಇಟ್ಟು, ಚೆಂಡುಹೂ ಕಟ್ಟಿದ್ದರು. ಫಿಟ್ಟರ್ ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಲು ಕೂತ. ಒಂದೊಂದೇ ಅಂಕಿ ಮೇಲೆ ಬಂತು. ಕೊನೆಯ ಅಂಕಿ 3 ಹೌದೋ 8 ಹೌದೋ ಅಂತ ಗೊತ್ತಾಗಲು ಟಾರ್ಚ್ ಹಿಡಿಯಬೇಕಾಯಿತು. 8 ಇತ್ತು. ಕಾಗದದಲ್ಲೂ 8 ಇತ್ತು.

ಆವತ್ತಿನಿಂದ ಪೂಜೆಯ ಹಿಂದಿನ ದಿನ ನಾನೇ ಶೆಡ್ಡಿಗೆ ಹೋಗುತ್ತೇನೆ. ಹೊರಗಿನಿಂದ ತರಿಸಿದ ಪ್ರತಿ ಯಂತ್ರದ ಪ್ಲೇಟಿನ ಫೋಟೋ ತೆಗೆದು ಲೈಸೆನ್ಸಿನ ಪ್ರತಿಗೆ ಪಿನ್ ಮಾಡುತ್ತೇನೆ. ಪ್ಲೇಟಿನ ಮೇಲೆ ಅಗಲದ ಟೇಪು ಅಂಟಿಸುತ್ತೇನೆ. ಆಮೇಲೆ ಹುಡುಗರು ಬಣ್ಣದ ಡಬ್ಬಿ ತೆರೆಯುತ್ತಾರೆ.